ಶಲ್ಯಕ್ಕೆ ಸಿಕ್ಕಿಸಿದ ಮೈಕು

ಪೌರೋಹಿತ್ಯಕ್ಕೆ ಹೊಸದಾಗಿ ಬರುವ ಹುಡುಗರಿಗಾಗಿ ನಾಲ್ಕು ಮಾತು ಬರೆದುಕೊಡಿ ಎಂದು ನಮ್ಮ ಪುರೋಹಿತರ ಸಂಘದವರು ಕೇಳಿ ಎಂಟು ತಿಂಗಳಾಯಿತು. ಅವರಿಗೆ ಬೇಕಾಗಿದ್ದ ಕಥೆ ಬೇರೆ. ಹತ್ತನೇ ತರಗತಿ ಓದಿದ ಭಟ್ಟನೊಬ್ಬ ಚೆಂಬೂರಿನ ಒಂದು ಕೋಣೆಯಿಂದ ಹೊರಟು, ಊರೂರಿನವರು ಮೊಬೈಲಿನಲ್ಲಿ ನೋಡುವ 'ಲೈವ್ ಭಟ್ರು' ಆದದ್ದು ಹೇಗೆ ಎಂಬುದು. ಚಾನೆಲ್ ಹೇಗೆ ಬೆಳೆಸಿದಿರಿ, ಇಷ್ಟು ಜನರನ್ನು ಹೇಗೆ ಹಿಡಿದಿಟ್ಟಿರಿ ಎಂದು ಪ್ರಶ್ನೆಗಳ ಪಟ್ಟಿಯನ್ನೇ ಕಳಿಸಿದ್ದರು. ಆ ಪಟ್ಟಿಯನ್ನು ಹರಿದು ಹಾಕಿದೆ. ನಾನು ಬರೆಯುವುದು ನಾನು ಕೆಡಿಸಿದ ಒಂದು ಕೆಲಸದ ಬಗ್ಗೆ. ಅಚ್ಚು ಹಾಕುವ ಧೈರ್ಯ ಇದ್ದರೆ ಹಾಕಲಿ.

ನನಗೆ ಈ ಕೆಲಸ ಕಲಿಸಿದವರು ಚೆಂಬೂರಿನ ಒಂದು ಸಣ್ಣ ದೇವಸ್ಥಾನದ ಹಿರಿಯ ಅರ್ಚಕರು. ಎಲ್ಲರೂ ಅವರನ್ನು ಆಚಾರ್ಯರು ಎಂದೇ ಕರೆಯುತ್ತಿದ್ದರು. ಬಾಯಿ ಬಹಳ ಒರಟು. ಮಂತ್ರದಲ್ಲಿ ನಾನು ಎಡವಿದರೆ ಯಜಮಾನರ ಎದುರಿಗೇ, "ನಿನಗೆ ಇದು ಆಗುದಿಲ್ಲ ಮಾರಾಯ, ಸ್ಟೇಷನ್ನಿನಲ್ಲಿ ಗಾಡಿ ಅನೌನ್ಸ್ ಮಾಡ್ಲಿಕ್ಕೆ ಹೋಗು" ಎನ್ನುತ್ತಿದ್ದರು. ಆದರೆ ಮಂತ್ರಕ್ಕಿಂತ ಮೊದಲು ಅವರು ಕಲಿಸಿದ್ದು ಸಂಕಲ್ಪ.

ತಿಳಿಯದವರಿಗಾಗಿ ಹೇಳುತ್ತೇನೆ. ಪೂಜೆಗೆ ಮೊದಲು ಯಾರು, ಯಾವ ಗೋತ್ರ, ಯಾವ ನಕ್ಷತ್ರ, ಯಾತಕ್ಕಾಗಿ ಈ ಪೂಜೆ ಎಂದು ದೇವರಿಗೆ ಹೇಳಬೇಕು. ಅದೇ ಸಂಕಲ್ಪ. ಸಾಮಾನ್ಯವಾಗಿ 'ಕುಟುಂಬದ ಕ್ಷೇಮಕ್ಕೆ' ಎಂದರೆ ಮುಗಿಯಿತು. ಆದರೆ ಎಷ್ಟೋ ಮನೆಗಳಲ್ಲಿ ಆ ಗಳಿಗೆಗೆ ಸರಿಯಾಗಿ ಮನೆಯ ಹೆಂಗಸು ಮುಂದೆ ಬಗ್ಗಿ ಭಟ್ಟನ ಕಿವಿಯ ಹತ್ತಿರ ಬರುತ್ತಾಳೆ. ನಿಜವಾದ ಕಾರಣ ಆಗ ಹೊರಗೆ ಬರುತ್ತದೆ. ಮಗ ಕುಡಿಯುತ್ತಾನೆ, ಮಗಳಿಗೆ ಗರ್ಭ ನಿಲ್ಲುವುದಿಲ್ಲ, ಗಂಡ ಎರಡು ವರ್ಷದಿಂದ ಮಾತಾಡಿಲ್ಲ. ಗಂಡನಿಗೂ ಗೊತ್ತಿರದ ಮಾತನ್ನು ನಮ್ಮ ಕಿವಿಗೆ ಹೇಳಿದವರಿದ್ದಾರೆ. ಆಚಾರ್ಯರು ಅದನ್ನು ಸಂಸ್ಕೃತದಲ್ಲಿ ಕಟ್ಟಿ, ಬಾಯೊಳಗೇ ನುಂಗಿದ ಹಾಗೆ ಹೇಳಿ ಮುಂದಕ್ಕೆ ಹೋಗುತ್ತಿದ್ದರು. ಹಿಂದೆ ಕೂತವರಿಗೆ ಒಂದಕ್ಷರ ಸಿಗುತ್ತಿರಲಿಲ್ಲ.

ಒಮ್ಮೆ ನಾನು ನನ್ನ ಉಚ್ಚಾರ ತೋರಿಸುವ ಹುಮ್ಮಸ್ಸಿನಲ್ಲಿ, ತವರಿಗೆ ಹೋದ ಸೊಸೆ ಹಿಂದೆ ಬರಬೇಕೆಂಬ ಮಾತನ್ನು ಗಂಟೆ ಹೊಡೆದ ಹಾಗೆ ಹೇಳಿಬಿಟ್ಟೆ. ಸೊಸೆ ಹೆರಿಗೆಗೆ ಹೋಗಿದ್ದಾಳೆ ಎಂದು ಆ ಮನೆಯವರು ಚಾಳಿನ ನೆರೆಮನೆಯವರೆಲ್ಲರಿಗೂ ಹೇಳಿಕೊಂಡಿದ್ದರಂತೆ. ವಾಪಸು ಬರುವಾಗ ಬಸ್ಸು ಇಳಿದ ಮೇಲೆ ಆಚಾರ್ಯರು ನಿಂತು ಹೇಳಿದರು: "ನಿನ್ನ ಕಿವಿಗೆ ಬಿದ್ದದ್ದು ದೇವರಿಗೆ ಮಾತ್ರ ಕೇಳ್ಬೇಕು. ಹಿಂದೆ ಕೂತ ಹೆಂಗಸಿಗೆ ಕೇಳಿಸಿದ್ರೆ ನೀನು ಭಟ್ಟ ಅಲ್ಲ, ಪೇಪರಿನವ."

ಆಗ ನನಗೆ ಇಪ್ಪತ್ತೆರಡು. ಆ ಬೈಗುಳ ನನಗೆ ನಲವತ್ತು ವರ್ಷ ಸಾಕಾಯಿತು. ಅನಂತರ ಸಾಕಾಗಲಿಲ್ಲ.

ನಡುವಿನ ವರ್ಷಗಳ ತಪ್ಪುಗಳು ನಗುವಂಥವು. ಬೊರಿವಲಿಯಲ್ಲಿ ಒಂದು ಗೃಹಪ್ರವೇಶಕ್ಕೆ ಹೋಗಿ ಬಿ ವಿಂಗಿನ ಬದಲು ಡಿ ವಿಂಗ್ ಹತ್ತಿದೆ. ಬಾಗಿಲಲ್ಲಿ ತೋರಣ ಇತ್ತು, ಒಳಗೆ ಹೋದೆ. ಒಬ್ಬ ಗುಜರಾತಿ ಅಜ್ಜಿ ಕುಡಿಯಲು ನೀರು ಕೊಟ್ಟು, ಸೋಫಾ ಸರಿಸಿ ಜಾಗವನ್ನೂ ಮಾಡಿಕೊಟ್ಟರು. ನಾನು ಮಂಡಲ ಬರೆದು ಕಲಶಕ್ಕೆ ದಾರ ಸುತ್ತುವಾಗ ಮಗ ಸ್ನಾನ ಮುಗಿಸಿ ಟವೆಲಿನಲ್ಲಿ ಹೊರಗೆ ಬಂದು, "ಮಹಾರಾಜ್, ಆಪ್ ಕೌನ್?" ಎಂದ. ಅಜ್ಜಿ ಅವನಿಗೇ ಬೈದರು. ಬಂದ ಬ್ರಾಹ್ಮಣನನ್ನು ಕೇಳುವ ರೀತಿಯೇ ಇದು ಎಂದು. ಅಲ್ಲಿ ಆರತಿ ಮಾಡಿಯೇ ಹೊರಬಂದೆ. ಬಿ ವಿಂಗಿನಲ್ಲಿ ಮುಹೂರ್ತ ಮೀರಿತ್ತು.

ಕೊರೊನಾ ಬಂದು ಮನೆಮನೆಯ ಬಾಗಿಲು ಮುಚ್ಚಿದಾಗ ಕೆಲಸದ ರೀತಿ ಬದಲಾಯಿತು. ಶ್ರಾದ್ಧವನ್ನು ಫೋನಿನಲ್ಲಿ ಮಾಡಿಸಿದೆ. ಬೇರೆ ದಾರಿ ಇರಲಿಲ್ಲ, ಅದಕ್ಕೆ ನನಗೆ ನಾಚಿಕೆಯಿಲ್ಲ. ಆಗ ಸಿಕ್ಕಿದವನು ದಿನಕರ. ಬೊರಿವಲಿಯಲ್ಲಿ ಮದುವೆ ವೀಡಿಯೊ ತೆಗೆಯುವ ಸ್ಟುಡಿಯೊ ಇಟ್ಟಿದ್ದ. ಮದುವೆಗಳಿಲ್ಲದೆ ಕೂತಿದ್ದ. "ಭಟ್ರೇ, ನಿಮ್ಮ ಸ್ವರ ಉಂಟಲ್ಲ, ಅದು ಸುಮ್ಮನೆ ಹಾಳಾಗ್ತಾ ಉಂಟು. ನನ್ನ ಕೈಗೆ ಕೊಡಿ" ಎಂದ. ಬೆಳಿಗ್ಗೆ ಪಂಚಾಂಗ, ಸಂಜೆ ಒಂದು ಶ್ಲೋಕ ಮತ್ತು ಅದರ ಅರ್ಥ. ಮೊದಲ ತಿಂಗಳುಗಳಲ್ಲಿ ಆಸ್ಪತ್ರೆಯಲ್ಲಿದ್ದವರು, ಒಂಟಿಯಾಗಿ ರೂಮಿನಲ್ಲಿ ಬಿದ್ದಿದ್ದ ಹೋಟೆಲ್ ಕಾರ್ಮಿಕರು ಕೇಳಿ ಸಮಾಧಾನ ಪಟ್ಟದ್ದು ಸುಳ್ಳಲ್ಲ. ಅಷ್ಟಕ್ಕೆ ನಿಲ್ಲಿಸಿದ್ದರೆ ಈ ಲೇಖನ ಬೇಕಾಗುತ್ತಿರಲಿಲ್ಲ.

ನಿಲ್ಲಿಸಲಿಲ್ಲ. ಬಾಗಿಲುಗಳು ತೆರೆದ ಮೇಲೆ ದಿನಕರ ನನ್ನ ಜೊತೆ ಮನೆಮನೆಗೆ ಬರತೊಡಗಿದ. ಗಲ್ಫಿನಲ್ಲಿರುವ ಮಗ, ಊರಿನಲ್ಲಿರುವ ಅಜ್ಜಿ ಕೂತಲ್ಲೇ ಪೂಜೆ ನೋಡಬಹುದು ಎಂದರೆ ಯಾರು ಬೇಡ ಎನ್ನುತ್ತಾರೆ? ಅವರ ಜೊತೆಗೆ ಊರಿಗೆ ಊರೇ ನೋಡುತ್ತದೆ ಎಂಬುದನ್ನು ನಾವು ಒತ್ತಿ ಹೇಳುತ್ತಿರಲಿಲ್ಲ. ನನ್ನ ಶಲ್ಯಕ್ಕೆ ಹುಣಸೆ ಬೀಜದಷ್ಟು ಪುಟ್ಟ ಕಪ್ಪು ಮೈಕು ಬಂತು. ಹತ್ತಿಯ ಪಂಚೆ ಹೋಗಿ ರೇಷ್ಮೆ ಬಂತು, ದಿನಕ್ಕೊಂದು ಬಣ್ಣ. ಪೂರ್ವಕ್ಕೆ ಮುಖ ಮಾಡಿ ಕೂತರೆ ನನ್ನ ಮುಖ ಕತ್ತಲಾಗುತ್ತದೆ ಎಂದು ದಿನಕರ ಹೇಳಿದ ದಿನ, ಬಾಲ್ಕನಿಯ ಬೆಳಕು ಬೀಳುವ ಹಾಗೆ ಮಂಡಲವನ್ನೇ ತಿರುಗಿಸಿದೆ. ದೇವರು ಎತ್ತ ಮುಖ ಮಾಡಿದ ಎಂದು ನಾನು ನೋಡಲಿಲ್ಲ. ಬೆಳಿಗ್ಗೆ ಎದ್ದವನು ಸಂಧ್ಯಾವಂದನೆಗೆ ಮೊದಲು ಫೋನು ನೋಡುತ್ತಿದ್ದೆ. ಯಾರೋ ಕಾಣದವರು ಮುಗಿದ ಕೈಗಳ ಚಿತ್ರ ಹಾಕಿದ್ದನ್ನು ಎಣಿಸುತ್ತಿದ್ದೆ. ಅರವತ್ತೈದು ವರ್ಷದ ಮನುಷ್ಯ, ಥೂ.

ದಹಿಸರಿನ ಆ ಸತ್ಯನಾರಾಯಣ ಪೂಜೆ ಇದೆಲ್ಲದರ ಮಧ್ಯೆ ಬಂತು. ಮನೆಯ ಯಜಮಾನ ಶೀನಣ್ಣ, ಹೋಟೆಲಿನ ಕ್ಯಾಶಿಯರ್. ಹೆಂಡತಿ ಸರೋಜಕ್ಕ. ಒಬ್ಬಳೇ ಮಗಳು. ಅವಳನ್ನು ಇಲ್ಲಿ ವಿನುತಾ ಎಂದು ಕರೆಯುತ್ತೇನೆ, ತಂದೆ ತಾಯಿಯ ಹೆಸರೂ ಬೇರೆಯೇ. ಹತ್ತಿರದ ಖಾಸಗಿ ಶಾಲೆಯೊಂದರಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಮಾಡುತ್ತಿದ್ದಳು. ಅಂದು ಪ್ರಸಾದದ ರವೆ ಹುರಿಯುತ್ತ ಅಡುಗೆಮನೆಯಲ್ಲಿದ್ದಳು. ಹೊರಗಿನ ಹಾಲ್‌ನಲ್ಲಿ ಬಿಲ್ಡಿಂಗಿನವರು ಹತ್ತು ಹದಿನೈದು ಜನ. ಶೀನಣ್ಣ ಕೈಯಲ್ಲಿ ಅಕ್ಷತೆ ಹಿಡಿದು ಕೂತಿದ್ದರು. ನನ್ನ ಎಡಗೈಯಲ್ಲಿ ಪುಸ್ತಕ, ಬಲಗೈಯಲ್ಲಿ ನೀರು ಬಿಡುವ ಉದ್ಧರಣೆ. ಆಗ ಸರೋಜಕ್ಕ ಸೆರಗು ಅಡ್ಡ ಹಿಡಿದು ನನ್ನ ಕಡೆ ಬಗ್ಗಿದರು.

ಮಗಳ ಕಾಯಿಲೆಯ ಮಾತು ಅದು. ಔಷಧಿಯಿಂದ ಹತೋಟಿಯಲ್ಲಿದ್ದ, ಆದರೆ ಜನ ಹೆಸರು ಕೇಳಿದರೆ ದೂರ ಸರಿಯುವ ಕಾಯಿಲೆ. ಯಾವುದೆಂದು ಇಲ್ಲಿ ಬರೆಯುವುದಿಲ್ಲ. ಬರೆಯುವ ಮೊದಲು ವಿನುತಾಳನ್ನು ಕೇಳಿದ್ದೇನೆ. "ನನ್ನ ಹೆಸರು, ಸ್ಕೂಲು, ಬೀಮಾರಿ ಬೇಡ. ನಿಮ್ಮದು ಪೂರಾ ಬರೀರಿ" ಎಂದಳು.

ನನ್ನದು ಇದು. ಮೈಕಿನ ಪಕ್ಕದಲ್ಲಿ ಸಣ್ಣ ಗುಂಡಿ ಇದೆ, ಒತ್ತಿದರೆ ಮೈಕು ಆರುತ್ತದೆ. ಯಾರಾದರೂ ಹತ್ತಿರ ಬಂದು ಮಾತಾಡಿದರೆ ಒತ್ತಿ ಎಂದು ದಿನಕರನೇ ತೋರಿಸಿಕೊಟ್ಟಿದ್ದ. ಸರೋಜಕ್ಕ ಬಗ್ಗಿದಾಗ ಆ ಗುಂಡಿ ನನ್ನ ನೆನಪಿಗೆ ಬಂತು. ಮರೆತೆ ಎಂದು ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದೆ, ಹೆಂಡತಿಯ ಹತ್ತಿರವೂ. ಮರೆತಿರಲಿಲ್ಲ. ಉದ್ಧರಣೆ ಕೆಳಗಿಡಬೇಕು, ಫೋನಿನ ಎದುರು ಶಲ್ಯ ತಡಕಾಡಬೇಕು, ನೋಡುವವರಿಗೆ ಅಸಹ್ಯ ಕಾಣುತ್ತದೆ, ಇಷ್ಟು ಸಣ್ಣ ಸ್ವರ ಯಾರಿಗೆ ಕೇಳುತ್ತದೆ ಎಂದುಕೊಂಡೆ. ಹಿಂದೆ ಕೂತ ಹದಿನೈದು ಜನಕ್ಕೆ ಕೇಳಲಿಲ್ಲ. ಲೈವ್ ನೋಡುತ್ತಿದ್ದವರಿಗೆಲ್ಲ ಒಂದೊಂದು ಅಕ್ಷರವೂ ಕೇಳಿತು.

ಪ್ರಸಾದ ಕೊಡುವ ಮೊದಲೇ ದಿನಕರ ನನ್ನನ್ನು ಬಾಲ್ಕನಿಗೆ ಕರೆದು ಫೋನು ತೋರಿಸಿದ. ವೀಡಿಯೊದ ಕೆಳಗೆ ಜನ ಬರೆಯುತ್ತಿದ್ದರು. ಅಯ್ಯೋ ಪಾಪ ಎಂದು, ಔಷಧಿ ಬಿಡಿಸಿ ಎಂದು, ಇಂಥವರಿಗೆ ಇಂಥ ಕ್ಷೇತ್ರಕ್ಕೆ ಹೋಗಲು ಹೇಳಿ ಎಂದು. ಒಬ್ಬರು ಅವಳ ಹೆಸರು ಕೇಳಿದ್ದರು. ಇನ್ನೊಬ್ಬರು, ಬಿಲ್ಡಿಂಗಿನವರೇ ಇರಬೇಕು, ಹೇಳಿದ್ದರು.

"ತೆಗಿ ದಿನಕರ" ಎಂದೆ.

"ತೆಗೀಬಹುದು ಭಟ್ರೇ. ಆದ್ರೆ ಇಷ್ಟು ಜನ ನಮಗೆ ಯಾವತ್ತೂ ಬಂದದ್ದಿಲ್ಲ. ಎಲ್ಲ ಆಶೀರ್ವಾದವೇ ಮಾಡ್ತಾ ಇದ್ದಾರೆ. ನಾಳೆ ನೋಡುವ."

ನಾಳೆ ನೋಡುವ ಎಂದು ನಾನೂ ಹೇಳಿದೆ.

ಮನೆಗೆ ಬಂದು ಹೆಂಡತಿಗೆ ತೋರಿಸಿದೆ. ಅವಳು ಅರ್ಧಕ್ಕೇ ಫೋನು ಕೆಳಗಿಟ್ಟು, "ಹೆಣ್ಣು ಮಗುವಿನ ವಿಷಯ. ಊಟಕ್ಕೆ ಕೂರುವ ಮೊದಲು ತೆಗ್ಸಿ" ಎಂದಳು. ಊಟಕ್ಕೆ ಕೂತೆ. ಮರುದಿನ ಸರೋಜಕ್ಕನ ಫೋನು ಬಂತು. ಅಳುತ್ತಿರಲಿಲ್ಲ. "ಭಟ್ರೇ, ನಾನು ನಿಮ್ಮ ಕಿವಿಗೆ ಅಲ್ವಾ ಹೇಳಿದ್ದು?" ಎಂದಷ್ಟೇ ಕೇಳಿದರು. ಇವತ್ತು ತೆಗೆಸುತ್ತೇನೆ ಎಂದೆ. ಆ ದಿನವೂ ತೆಗೆಸಲಿಲ್ಲ. ನೋಡುವ ಜನ ಏರುತ್ತಲೇ ಇದ್ದರು. ಎರಡನೆಯ ಸಂಜೆ ಇನ್ನೂ ಒಂದು ಕೆಲಸ ಮಾಡಿದೆ. 'ದೀರ್ಘ ವ್ಯಾಧಿಗೆ ಶಾಸ್ತ್ರದಲ್ಲಿ ಪರಿಹಾರ' ಎಂದು ಹೊಸ ವೀಡಿಯೊ ಮಾಡಿ ಬಿಟ್ಟೆ. ಆ ಹುಡುಗಿಯ ಬೆನ್ನು ಮೆಟ್ಟಿ ನಿಂತು ಮಾತಾಡಿದ ಹಾಗೆ. ಮೂರನೆಯ ದಿನ ಶೀನಣ್ಣ ಬಂದು ಬಾಗಿಲಲ್ಲಿ ನಿಂತರು. ಚಪ್ಪಲಿಯನ್ನೂ ಬಿಚ್ಚಲಿಲ್ಲ. "ಅವಳಿಗೆ ಶಾಲೆಗೆ ಬರ್ಬೇಡ ಹೇಳಿದ್ರು. ಇನ್ನಾದ್ರೂ ತೆಗೀತೀರಾ?" ಎಂದರು. ಆಗ ತೆಗೆಸಿದೆ. ಅಷ್ಟರಲ್ಲಿ ಜನ ಆ ತುಂಡನ್ನು ಕತ್ತರಿಸಿ, ಹಿಂದೆ ವೀಣೆಯ ಸಂಗೀತ ಹಾಕಿ, ಗ್ರೂಪಿನಿಂದ ಗ್ರೂಪಿಗೆ ಕಳಿಸಿದ್ದರು.

ಶಾಲೆಗೆ ಹೋದೆ. ರೇಷ್ಮೆಯಲ್ಲಲ್ಲ, ಹತ್ತಿಯ ಪಂಚೆಯಲ್ಲಿ. ತಪ್ಪು ನನ್ನದು, ಹುಡುಗಿ ಐದು ವರ್ಷದಿಂದ ಒಂದು ದಿನ ರಜೆ ಹಾಕದೆ ದುಡಿದಿದ್ದಾಳೆ, ಹಿಂದೆ ಕರೆಯಿರಿ ಎಂದು ಪ್ರಿನ್ಸಿಪಾಲರ ಎದುರು ಕೈಮುಗಿದೆ. ಆಕೆ ಹಿಂದಿಯಲ್ಲಿ ಬಹಳ ಮರ್ಯಾದೆಯಿಂದ ಮಾತಾಡಿದರು. ಪೇರೆಂಟ್ಸ್ ಕಡೆಯಿಂದ ಪ್ರೆಶರ್ ಇದೆ, ನನ್ನ ಕೈಯಲ್ಲಿ ಏನೂ ಇಲ್ಲ ಎಂದರು. ಅವಳ ಪಾಠದಲ್ಲಿ ತಪ್ಪು ಸಿಕ್ಕಿದೆಯೇ ಎಂದು ಕೇಳಿದೆ. ಇಲ್ಲ, ಮಕ್ಕಳು ಈಗಲೂ ಅವಳನ್ನೇ ಕೇಳುತ್ತಾರೆ ಎಂದರು. ಮತ್ತೆ ಯಾಕೆ ಎಂದರೆ ಮೇಜಿನ ಮೇಲಿನ ಫೈಲು ಸರಿಸಿದರು. ನಾನು ಎದ್ದಾಗ, "ಪಂಡಿತ್‌ಜೀ, ಏಕ್ ಫೋಟೊ? ಮೇರಿ ಸಾಸ್ ರೋಜ್ ಆಪ್ ಕೋ ದೇಖ್ತೀ ಹೈಂ" ಎಂದು, ತಮ್ಮ ಅತ್ತೆ ದಿನಾ ನನ್ನನ್ನು ನೋಡುತ್ತಾರೆಂಬ ಸಡಗರದಲ್ಲಿ, ಪಕ್ಕದಲ್ಲಿ ಬಂದು ನಿಂತು ಫೋನು ಎತ್ತಿದರು.

ನಾನು ನಿಂತೆ. ಅಭ್ಯಾಸವಾಗಿದ್ದ ಮುಖ ತನ್ನಷ್ಟಕ್ಕೆ ನಕ್ಕಿತು. ಬೇರೆ ಎಲ್ಲದಕ್ಕೂ ಏನಾದರೂ ನೆಪ ಹುಡುಕಬಲ್ಲೆ. ಆ ನಗುವಿಗೆ ಇವತ್ತಿಗೂ ಸಿಕ್ಕಿಲ್ಲ.

ಹತ್ತು ದಿನದ ಮೇಲೆ ವಿನುತಾ ಒಬ್ಬಳೇ ನಮ್ಮ ಮನೆಗೆ ಬಂದಳು. ಕೂತುಕೋ ಮಗಾ ಎಂದೆ.

"ಕೂರ್ಲಿಕ್ಕೆ ಬಂದದ್ದಲ್ಲ. ಸೀದಾ ಕೇಳ್ತೇನೆ. ಮೈಕ್ ಆನ್ ಇತ್ತು, ನಿಮಗೆ ಮಾಲೂಮ್ ಇತ್ತಾ?"

ಒಳಗಿನಿಂದ ಹೆಂಡತಿ ಬಂದು ಬಾಗಿಲಲ್ಲಿ ನಿಂತಿದ್ದಳು. ಇಬ್ಬರ ಎದುರಿಗೆ ಹೇಳಿದೆ: "ಗೊತ್ತಿತ್ತು."

"ಹಾಂ. ಅಮ್ಮ ತನ್ನದೇ ತಪ್ಪು ಅಂತ ಊಟ ಬಿಟ್ಟಿದ್ದಾಳೆ. ಅವಳಿಗೆ ಫೋನ್ ಮಾಡಿ ಇದನ್ನು ಹೇಳಿ. ಅಭೀ."

ಆ ಕ್ಷಣವೇ ಅವಳ ಎದುರಿಗೆ ಫೋನು ಮಾಡಿ ಹೇಳಿದೆ. ಕೇಳಿ ಸರೋಜಕ್ಕ ಫೋನು ಇಟ್ಟರು. ಆಮೇಲೆ ನಾನು, ದೊಡ್ಡ ಮನಸ್ಸಿನವನ ಹಾಗೆ, ಕ್ಷಮೆ ಕೇಳಿ ಒಂದು ವೀಡಿಯೊ ಮಾಡಿಟ್ಟಿದ್ದೇನೆ, ನೀನು ಹೂಂ ಅಂದರೆ ಇವತ್ತೇ ಹಾಕುತ್ತೇನೆ ಎಂದೆ. ಕೈಮುಗಿದು, ಕಣ್ಣು ಒದ್ದೆ ಮಾಡಿಕೊಂಡು ದಿನಕರನ ಸ್ಟುಡಿಯೊದಲ್ಲಿ ತೆಗೆಸಿದ್ದು. ಅವಳು ನಿಂತುಕೊಂಡೇ ಪೂರ್ತಿ ನೋಡಿದಳು.

"ಇದ್ರಲ್ಲಿ ಭೀ ನಿಮ್ಮ ಮೇಲೆ ಲೈಟ್ ಚೆನ್ನಾಗಿ ಬಿದ್ದಿದೆ" ಎಂದಳು.

ನನ್ನ ಹೆಂಡತಿ ತಲೆ ತಗ್ಗಿಸಿದಳು.

"ಇದು ಹಾಕಿದ್ರೆ ಎಲ್ಲರೂ ಮೊದಲಿಂದು ಹುಡುಕ್ತಾರೆ ಭಟ್ರೇ. ಮತ್ತೆ ಅದೇ ಚಲ್ತಾ ರಹೇಗಾ. ಇದು ಬೇಡ. ಯಾರ್ ಯಾರ ಹತ್ರ ಅದು ಉಂಟೋ, ಒಬ್ಬೊಬ್ಬರ ಹತ್ರ ಹೋಗಿ ಕೇಳಿ. ಡಿಲೀಟ್ ಮಾಡ್ಸಿ. ಕ್ಯಾಮೆರಾ ಇಲ್ಲದೆ."

ಚಾನೆಲ್ ಮುಚ್ಚಿಸಿದೆ. ದಿನಕರ, "ನಿಮ್ಮ ಕಾಲ ಮೇಲೆ ನೀವೇ ಕಲ್ಲು ಹಾಕಿಕೊಳ್ತೀರಿ" ಎಂದು ಜಗಳ ಮಾಡಿ ಹೋದ. ಈಗ ಬೇರೊಬ್ಬ ಭಟ್ಟರ ಶಲ್ಯಕ್ಕೆ ಮೈಕು ಸಿಕ್ಕಿಸುತ್ತಿದ್ದಾನೆ ಎಂದು ಕೇಳಿದ್ದೇನೆ. ಪೂಜೆಗೆ ಹೋಗುವುದನ್ನೂ ಬಿಟ್ಟೆ. ನಿವೃತ್ತನಾದೆ ಎಂದು ಜನ ತಿಳಿದುಕೊಂಡಿದ್ದಾರೆ, ಸಂಘದವರು ಶಾಲು ಹೊದಿಸಲೂ ಬಂದರು. ಕೊಟ್ಟ ಶಾಲನ್ನು ಹಾಗೆಯೇ ವಾಪಸು ಕಳಿಸಿದೆ.

ನನ್ನ ಈಗಿನ ಕೆಲಸ ಇದು. ಯಾರಾದರೂ ಪರಿಚಯದವರಿಗೆ ಆ ತುಂಡು ಬಂದರೆ, ನಿಮಗೆ ಯಾರು ಕಳಿಸಿದರು ಎಂದು ಕೇಳುತ್ತೇನೆ. ಅವರಿಗೆ ಫೋನು ಮಾಡುತ್ತೇನೆ, ಅವರಿಗೆ ಕಳಿಸಿದವರು ಯಾರು ಎಂದು ಕೇಳುತ್ತೇನೆ. ಫೋನಿಗೆ ಬಗ್ಗದವರ ಮನೆಗೆ ಲೋಕಲ್ ರೈಲಿನಲ್ಲಿ ಹೋಗುತ್ತೇನೆ. ಜನರ ಉತ್ತರ ಕೇಳಿದರೆ ಮೈ ಉರಿಯುತ್ತದೆ. "ಒಳ್ಳೆ ಭಕ್ತಿಯ ವೀಡಿಯೊ ಭಟ್ರೇ, ಯಾಕೆ ತೆಗೀಬೇಕು?" "ನಾನೊಬ್ಬ ತೆಗೆದ್ರೆ ಎಂತ ಆಗ್ತದೆ?" ಚೆಂಬೂರಿನ ಒಬ್ಬ ಹಿರಿಯರು, ದಿನಾ ದೇವಸ್ಥಾನಕ್ಕೆ ಬರುವವರು, "ಸಂತಾಪದಿಂದ ಕಳಿಸಿದ್ದು ಮಾರಾಯ್ರೇ, ಕೆಟ್ಟ ಉದ್ದೇಶ ಇಲ್ಲ" ಎಂದರು. ಹೆಂಗಸೊಬ್ಬಳ ಮಾನವನ್ನು ಸಂತಾಪದಿಂದ ಹಂಚಿದರೆ ಅದು ಪುಣ್ಯವೇ? ಅವರನ್ನು ಹಾಗೆಂದು ಕೇಳಿದೆ. ಆದರೆ ಕೇಳುವ ಹಕ್ಕು ನನಗೆ ಎಲ್ಲಿಂದ ಬರಬೇಕು? ಮೊದಲು ಹಂಚಿದವನು ನಾನು.

ಹೊಸ ಹುಡುಗರೇ, ಪೂಜೆಯನ್ನು ಫೋನಿನಲ್ಲಿ ತೋರಿಸಲೇಬಾರದು ಎಂದು ನಾನು ಹೇಳುವುದಿಲ್ಲ, ಹೇಳಿದರೆ ನೀವು ಕೇಳುವುದೂ ಇಲ್ಲ. ಸಂಕಲ್ಪ ಮುಗಿಯುವ ತನಕ ಅದನ್ನು ಆರಿಸಿಡಿ. ಪುಸ್ತಕ ಕೆಳಗಿಟ್ಟು, ಉದ್ಧರಣೆ ಕೆಳಗಿಟ್ಟು, ನಿಮ್ಮ ಕೈಯಿಂದಲೇ ಆರಿಸಿ. ಇನ್ನೊಬ್ಬರನ್ನು ನಂಬಬೇಡಿ. ನಿಮ್ಮನ್ನಂತೂ ನಂಬಲೇಬೇಡಿ.

ಕಳೆದ ವಾರ ಅದೇ ತುಂಡು ಹೊಸ ಗ್ರೂಪಿನಲ್ಲಿ ಬಂತು. ಬೆನ್ನು ಹತ್ತಿ ಹೋದೆ. ನಾಲ್ಕನೆಯ ಫೋನು ಒಬ್ಬ ಕಟ್ಟಡ ಮೇಸ್ತ್ರಿಗೆ, ವಿಜಯಪುರದ ಕಡೆಯವರು, ಈಗ ದಹಿಸರಿನಲ್ಲಿದ್ದಾರೆ.

"ಹೌದ್ರಿ, ಐತ್ರಿ ನನ್ನ ಕಡೆ. ನಮ್ಮ ಊರಿನ ಗ್ರೂಪಿಗೂ ಹಾಕೇನ್ರಿ. ಆ ತಾಯಿ ಹೇಳೂದ ಕೇಳಿದ್ರ ಕಣ್ಣಾಗ ನೀರ ಬರ್ತಾವ ನೋಡ್ರಿ."

"ಅದನ್ನು ತೆಗೆಯಿರಿ. ಊರಿನ ಗ್ರೂಪಿನಿಂದಲೂ ತೆಗೆಯಿರಿ."

"ಯಾಕ್ರಿ? ನೀವ್ಯಾರು ಹೇಳಾಕ?"

"ಅದರಲ್ಲಿ ಕೂತಿರುವ ಭಟ್ಟ ನಾನೇ."

ಅವರ ಸಿಟ್ಟು ಇಳಿದುಹೋಯಿತು. "ಏನ್ರೀ ಭಟ್ರ, ನೀವ ಫೋನ್ ಮಾಡೀರಿ? ದೇವ್ರು ಕೊಟ್ಟಂಗಾತು. ನಿಮ್ಮ ನಂಬರ್ ಎಲ್ಲಿ ಸಿಗ್ತೈತಿ ಅಂತ ನಮ್ಮ ಮನ್ಯಾಕಿ ಎಷ್ಟ್ ಸಲ ಕೇಳ್ಯಾಳ." ಬಾಗಿಲು ಹಾಕಿದ ಸದ್ದು ಕೇಳಿತು. ಅವರ ಸ್ವರ ಇಳಿಯಿತು. "ಒಂದ್ ಮಾತ್ ಹೇಳ್ತೀನ್ರಿ. ನನ್ನ ಮಗಗ…"

"ನಿಮ್ಮ ಸ್ವರ ಯಾಕೆ ಸಣ್ಣದಾಯಿತು?" ಎಂದೆ.

"ಹೊರಗ ಮಂದಿ ಕುಂತಾರ್ರಿ."

"ಆ ತಾಯಿಯ ಹಿಂದೆಯೂ ಮಂದಿ ಕೂತಿದ್ದರು" ಎಂದೆ. "ತಡೀರಿ" ಎಂದರು ಮೇಸ್ತ್ರಿ. ಸ್ವಲ್ಪ ಹೊತ್ತಾದ ಮೇಲೆ, "ಎರಡೂ ಕಡೆ ತಗದೇನ್ರಿ. ಯಾರ್ ಯಾರಿಗೆ ಕಳಿಸೇನಿ, ಅವರಿಗೂ ಹೇಳ್ತೀನಿ" ಎಂದರು. ಮಗನ ವಿಷಯ ಮತ್ತೆ ಎತ್ತಿದರು.

"ನನಗೆ ಹೇಳಬೇಡಿ" ಎಂದೆ. "ನಾನು ಆ ಕೆಲಸಕ್ಕೆ ಇಲ್ಲ. ದೇವರ ಎದುರು ನೀವೇ ಹೇಳಿಕೊಳ್ಳಿ."

ವಿನುತಾಗೆ ಇನ್ನೂ ಬೇರೆ ಶಾಲೆ ಸಿಕ್ಕಿಲ್ಲ. ಮನೆಯಲ್ಲೇ ನಾಲ್ಕು ಮಕ್ಕಳಿಗೆ ಟ್ಯೂಷನ್ ಹೇಳುತ್ತಾಳೆ. ಮೇಸ್ತ್ರಿ ತೆಗೆದದ್ದನ್ನು ಅವಳಿಗೆ ಮೆಸೇಜು ಮಾಡಿದೆ. ಇನ್ನೂ ಎಷ್ಟು ಜನರ ಹತ್ತಿರ ಇದೆ ಎಂದು ಕೇಳಿದಳು. ಗೊತ್ತಿಲ್ಲ ಎಂದು ಬರೆದೆ.

"ಚಾಲೂ ರಖಿಯೇ, ನಿಲ್ಲಿಸ್ಬೇಡಿ" ಎಂದು ಉತ್ತರ ಬಂತು.